ಚಂದ್ರನ ಕಳವು ಮತ್ತು ನನ್ನ ಮಾವನ ಒಂದೇ ಒಂದು ಮಾತು

1998ನೇ ಇಸವಿ ಜನವರಿ 11, ಭಾನುವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಭದ್ರಾವತಿ ನ್ಯೂ ಟೌನಿನ ಮಾವನ ಮನೆಯಲ್ಲಿ ಎರಡನೇ ಲೋಟ ಕಾಫಿ ಕುಡಿಯುತ್ತಾ, ನಾನು ಒಂದು ನಾಟಕ ಬರೆದುಕೊಡಲು ಒಪ್ಪಿಕೊಂಡೆ. ದಿನಚರಿ ಬರೆಯುವ ಅಭ್ಯಾಸ ಇರುವುದರಿಂದ ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ. ಕಾಫಿ ಎರಡನೆಯದು ಎಂಬುದೂ ಅದರಲ್ಲೇ ಇದೆ. ಮೂರನೆಯದು ಸಿಗಲಿಲ್ಲ ಎಂಬುದೂ ಇದೆ.

ನನ್ನ ಮಾವ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬಡಾವಣೆಯ ಕಲಾ ಸಂಘ ವರ್ಷಕ್ಕೊಮ್ಮೆ ಆಡುವ ನಾಟಕಕ್ಕೆ, ನನ್ನ ಹೆಂಡತಿ ಸುಜಾತ ಹುಟ್ಟುವ ಮುಂಚಿನಿಂದಲೂ, ಪರದೆ ಎಳೆಯುವ ಕೆಲಸ ಅವರದು. ಎಷ್ಟೋ ರಾಜರು ಬಂದರು, ಯುದ್ಧದಲ್ಲಿ ಸತ್ತರು, ಎದ್ದು ಮುಖ ತೊಳೆದುಕೊಂಡು ಮನೆಗೆ ಹೋದರು. ಮಾವ ಹಗ್ಗ ಹಿಡಿದು ನಿಂತೇ ಇದ್ದರು. ಒಂದು ಸಲವೂ ಬೆಳಕಿಗೆ ಬಂದು ಒಂದು ಮಾತು ಆಡಿದವರಲ್ಲ. ಈಗ ಮಾರ್ಚ್ ಕೊನೆಗೆ ನಿವೃತ್ತಿ. ಕ್ವಾರ್ಟರ್ಸ್ ಖಾಲಿ ಮಾಡಿ ಹೊಳೆಹೊನ್ನೂರಿಗೆ ಹೋಗಿ ನೆಲೆಸುವುದೆಂದು ತೀರ್ಮಾನವಾಗಿತ್ತು. ಅಂದರೆ ಫೆಬ್ರವರಿಯ ನಾಟಕವೇ ಅವರಿಗೆ ಕೊನೆಯದು.

ಅಪ್ಪನಿಗೆ ಒಂದು ಪಾರ್ಟು ಇರುವ ನಾಟಕ ಬರೆಯಿರಿ ಎಂದು ಸುಜಾತ ಹೇಳಿದಳು. ಧಾಟಿ ವಿನಂತಿಯದು. ವಿಷಯ ಆಜ್ಞೆಯದು. ಎಷ್ಟು ಮಾತು ಇರಲಿ ಎಂದು ನಾನು ಮಾವನನ್ನೇ ಕೇಳಿದೆ. ಅವರು ಕಾಂಪೌಂಡಿಗೆ ಒರಗಿಸಿದ್ದ ತಮ್ಮ ಸೈಕಲ್ಲಿನ ಕಡೆ ನೋಡಿ ಹೇಳಿದರು.

"ಒಂದ್ ಮಾತು ಸಾಕು ಅಳಿಯಂದ್ರೇ. ಆದ್ರೆ ಹಿಂದಗಡೆ ಸೈಕಲ್ ಮೇಲೆ ಕೂತ್ಕೊಂಡೇ ನೋಡ್ತಾರಲ್ಲ, ಅವ್ರಿಗೂ ಕೇಳೋ ಹಂಗಿರ್ಲಿ."

ನಾನಾಗ ಶಿವಮೊಗ್ಗದ ನವುಲೆಯಲ್ಲಿ ಒಂದು ಕಚೇರಿಯ ಗುಮಾಸ್ತ. ಮಧ್ಯಾಹ್ನ ಊಟದ ಡಬ್ಬಿ ಮುಗಿಸಿ, ಕಚೇರಿಯ ಹಿಂದಿನ ಹೊಂಗೆ ಮರದ ಕೆಳಗೆ ಕೂತು ಬರೆಯತೊಡಗಿದೆ. ಬಿಸಿಲು ಎಲೆಗಳ ನಡುವಿನಿಂದ ಇಳಿದು ಕಾಗದದ ಮೇಲೆ ಕಾಸು ಕಾಸಾಗಿ ಬೀಳುತ್ತಿತ್ತು. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮುಚ್ಚಿದ ಕಣ್ಣೊಳಗೆ ಒಂದು ರಾಜ್ಯ ಕಾಣತೊಡಗಿತು. ಅಲ್ಲಿನ ರಾಜನಿಗೆ ನಿದ್ರೆ ಬರದೆ, ಆಕಾಶದ ಚಂದ್ರನನ್ನೇ ಇಳಿಸಿ ತನ್ನ ಅರಮನೆಯಲ್ಲಿ ಕೂಡಿಹಾಕಿದ್ದಾನೆ. ಹೊರಗೆ ಬೆಳದಿಂಗಳಿಲ್ಲದೆ ನೈದಿಲೆ ಅರಳುತ್ತಿಲ್ಲ, ಮಕ್ಕಳು ಊಟ ಮಾಡುತ್ತಿಲ್ಲ. ಆಗ ಮೂವರು ಕಳ್ಳರು ಹೊರಡುತ್ತಾರೆ. ಒಬ್ಬ ನೆರಳಿಲ್ಲದವನು. ಒಬ್ಬ ಬೀದಿಯಲ್ಲಿ ನಿದ್ರೆ ಮಾರುವವನು. ಒಬ್ಬಳು ಗೂಬೆಗಳ ಭಾಷೆ ಬಲ್ಲವಳು. ನಿದ್ರೆ ಮಾರುವವನು ಒಂದು ಚಿಟಿಕೆ ನಿದ್ರೆ ಎರಚುತ್ತಾನೆ, ಕಾವಲುಗಾರ ಮಲಗುತ್ತಾನೆ, ಮೂವರೂ ಚಂದ್ರನನ್ನು ಹೊತ್ತುಕೊಂಡು ಮರೆಯಾಗುತ್ತಾರೆ. ಬರಿದಾದ ಪೀಠದ ಮುಂದೆ ಕಾವಲುಗಾರ ಎಚ್ಚರಗೊಂಡು ಕೇಳುತ್ತಾನೆ: "ಚಂದ್ರ ಎಲ್ಲಿ?" ಪರದೆ.

ಅದೇ ಮಾವನ ಮಾತು. ಬರೆದು ಮುಗಿಸಿದ ದಿನ ನನ್ನ ಕಣ್ಣಲ್ಲಿ ನೀರು ಬಂತು. ಆ ದಿನ ಮಧ್ಯಾಹ್ನದ ನಂತರ ಕಚೇರಿಯಲ್ಲಿ ಯಾವ ಕೆಲಸವೂ ಆಗಲಿಲ್ಲ ಎಂದು ದಿನಚರಿಯಲ್ಲಿದೆ.

ಸಂಘದವರು ಕೊಟ್ಟ ಕಳ್ಳರು ನನ್ನ ಕನಸಿನಲ್ಲಿ ಕಂಡವರಲ್ಲ. ನೆರಳಿಲ್ಲದವನಾಗಿ ಬಂದವರು ಮುರುಗೇಶಣ್ಣ. ಕಾರ್ಖಾನೆಯ ಕ್ರೇನ್ ಆಪರೇಟರ್, ಆರಡಿ ಎತ್ತರ, ಬಾಗಿಲಿನಷ್ಟು ಅಗಲ. ಅವರ ನೆರಳಿನಲ್ಲಿ ಇಬ್ಬರು ಕೂತು ಚೌಕಾಬಾರ ಆಡಬಹುದಿತ್ತು. ಹಗಲೆಲ್ಲ ಸನ್ನೆಕೋಲು ಎಳೆದು ಟನ್‌ಗಟ್ಟಲೆ ಕಬ್ಬಿಣ ಎತ್ತುತ್ತಿದ್ದ ಅವರು, ಮನೆಯಲ್ಲಿ ಮಾತ್ರ ನೀರಿನ ಕೊಡ ಎತ್ತಿದವರಲ್ಲವೆಂದು ಅವರ ಹೆಂಡತಿ ಎಲ್ಲರಿಗೂ ಹೇಳುತ್ತಿದ್ದರು. ನಿದ್ರೆ ಮಾರುವವರು ಕಿರಾಣಿ ಅಂಗಡಿಯ ಶಿವಮೂರ್ತಿಯವರು. ಹಣೆಯ ಮೇಲಿನ ವಿಭೂತಿ ಅಳಿಸಲು ಒಪ್ಪಲಿಲ್ಲ. ಕಳ್ಳನಾದರೇನು, ಸ್ನಾನ ಮಾಡಿಯೇ ಕಳವಿಗೆ ಹೊರಡುತ್ತಾನೆ ಎಂಬುದು ಅವರ ವಾದ. ಒಂದು ಚಿಟಿಕೆ ನಿದ್ರೆಯನ್ನು ತೂಕ ಮಾಡದೆ ಎರಚಲೂ ಅವರಿಗೆ ಕೈ ಬರುತ್ತಿರಲಿಲ್ಲ. ಗೂಬೆ ಭಾಷೆಯವಳಾಗಿ ವಿಮಲಾ ಟೀಚರ್ ಬಂದರು. ಅವರು ಗೂಬೆಗಳನ್ನೂ ನಮ್ಮನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು.

ರಿಹರ್ಸಲಿನ ಉದ್ದಕ್ಕೂ ಅತ್ತೆಯವರ ಮೊರವೇ ಚಂದ್ರ. ಹದಿನೇಳು ರಿಹರ್ಸಲ್, ಹದಿನೇಳು ಯಶಸ್ವಿ ಕಳವು. ಒಮ್ಮೆ ವಿಮಲಾ ಟೀಚರ್ ಚಂದ್ರನನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೇ ಹೋಗಿಬಿಟ್ಟಿದ್ದರು. ಮಾವ ಮಾತ್ರ ಎಲ್ಲೆಂದರಲ್ಲಿ ಅಭ್ಯಾಸ ಮಾಡುತ್ತಿದ್ದರು. ಬಚ್ಚಲುಮನೆಯಿಂದ "ಚಂದ್ರ ಎಲ್ಲಿ?" ಸೈಕಲ್ಲಿನ ಮೇಲಿಂದ "ಚಂದ್ರ ಎಲ್ಲಿ?" ಒಂದು ದಿನ ಕೋಪದಿಂದ, ಒಂದು ದಿನ ದುಃಖದಿಂದ. ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಅತ್ತೆ, "ಇಲ್ಲೇ ಇದೆ, ಕೆಲ್ಸ ಮುಗೀಲಿ, ಕೊಡ್ತೀನಿ" ಎನ್ನುತ್ತಿದ್ದರು.

ನಿಜವಾದ ಚಂದ್ರನನ್ನು ಮಾಡಿಸುವ ಹೊಣೆಯನ್ನು ಮಾವನೇ ಹೊತ್ತರು. ನಾನು ಕ್ರಮಬದ್ಧ ಮನುಷ್ಯ. ಬಾಯಿಮಾತಿನಲ್ಲಿ ಹೇಳುವುದು ನನಗೆ ಆಗಿಬರುವುದಿಲ್ಲ. ಆದ್ದರಿಂದ ಒಂದು ನಕ್ಷೆ ಬರೆದುಕೊಟ್ಟೆ. ವ್ಯಾಸ ನಾಲ್ಕು ಅಡಿ. ದಪ್ಪ ಮೂರು ಇಂಚು. ಮುಂಭಾಗದ ನೋಟ, ಹಿಂಭಾಗದ ನೋಟ, ಮೇಲ್ಮೈಯ ಕಲೆಗಳ ಸ್ಥಾನ, ಬಣ್ಣ ಬೆಳ್ಳಿ. ಮಾವ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೂವತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ನೀಟಾದ ಡ್ರಾಯಿಂಗ್ ಯಾವ ಇಂಜಿನಿಯರೂ ಕೊಟ್ಟಿಲ್ಲ ಎಂದರು. ಆ ಹೊಗಳಿಕೆಯಲ್ಲಿ ನಾನು ಒಂದು ವಾರ ತೇಲಾಡಿದೆ.

ನಕ್ಷೆಯಲ್ಲಿ ಎಲ್ಲವೂ ಇತ್ತು. ರಟ್ಟಿನಲ್ಲಿ ಮಾಡಬೇಕು ಎಂಬುದೊಂದು ಇರಲಿಲ್ಲ.

ಬೇರೆ ಊರಿನಲ್ಲಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅದು ಭದ್ರಾವತಿ. ಅಲ್ಲಿ ಅಳತೆ ಹಾಕಿದ ನಕ್ಷೆ ಕೊಟ್ಟು ಯಾವುದರಲ್ಲಿ ಎಂದು ಹೇಳದೆ ಬಿಟ್ಟರೆ, ಕೇಳುವ ಪದ್ಧತಿಯೇ ಇಲ್ಲ.

ಫೆಬ್ರವರಿ 28, ಶನಿವಾರ. ನಾನು ಶಿವಮೊಗ್ಗದಿಂದ ಬಸ್ಸು ಹಿಡಿದು ನ್ಯೂ ಟೌನಿನ ಮೈದಾನ ತಲುಪುವಾಗ ಸಂಜೆ ಏಳು ಗಂಟೆ ಹತ್ತು ನಿಮಿಷ. ಅಮಾವಾಸ್ಯೆ ಕಳೆದು ಎರಡೇ ದಿನವಾಗಿತ್ತು. ಆಕಾಶ ಬರಿದು. ಆದರೆ ವೇದಿಕೆಯ ನಡುವೆ, ಮರದ ಪೀಠದ ಮೇಲೆ, ಚಂದ್ರ ನಿಂತಿದ್ದ.

ನಾನು ದಾರಿಯಲ್ಲೇ ನಿಂತುಬಿಟ್ಟೆ. ನೀಲಿ ಕಾಗದ ಸುತ್ತಿದ ದೀಪದ ಬೆಳಕು ಅವನ ಮೈಮೇಲೆ ಹಾಲಿನ ಕೆನೆಯ ಹಾಗೆ ಕೂತಿತ್ತು. ಕಲೆಗಳು ಒಂದೊಂದೂ ನಾನು ಗುರುತು ಹಾಕಿದ ಜಾಗದಲ್ಲೇ ಇದ್ದವು. ಮುಂದೆ ಕೂತಿದ್ದ ಮಕ್ಕಳು ಮಾತು ನಿಲ್ಲಿಸಿದ್ದರು. ದೂರದಲ್ಲಿ ಕಾರ್ಖಾನೆಯ ಮೇಲಿನ ಮೋಡ ಕುಲುಮೆಯ ಬೆಳಕಿಗೆ ಒಂದು ಗಳಿಗೆ ಕೆಂಪಾಗಿ ಮತ್ತೆ ಕಪ್ಪಾಯಿತು. ಆಕಾಶದವನು ನಿಜಕ್ಕೂ ಇಲ್ಲಿಗೇ ಬಂದುಬಿಟ್ಟಿದ್ದಾನೆ ಎಂದು ನನಗನಿಸಿತು. ಗಾಳಿ ಬೀಸಿತು. ಪರದೆ ಅಲ್ಲಾಡಿತು. ಶಾಮಿಯಾನ ಅಲ್ಲಾಡಿತು. ಚಂದ್ರ ಅಲ್ಲಾಡಲಿಲ್ಲ. ಎಷ್ಟು ಗಂಭೀರ ಎಂದುಕೊಂಡೆ!

ಪಕ್ಕದಲ್ಲಿ ಮಾವ, ಕಾವಲುಗಾರನ ವೇಷದಲ್ಲಿ, ಕೈಯಲ್ಲಿ ಈಟಿ ಹಿಡಿದು ನಿಂತಿದ್ದರು. ಪರಿಚಯದವರ ಶೆಡ್ಡಿನಲ್ಲಿ ಮೂವರು ವೆಲ್ಡರುಗಳು ನಾಲ್ಕು ಸಂಜೆ ಕೂತು ಚಂದ್ರನನ್ನು ಮಾಡಿದ್ದಾಗಿ ಹೇಳಿದರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ. ವೆಲ್ಡರುಗಳಿಗೆ ಇದರಲ್ಲೇನು ಕೆಲಸ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ನಾಟಕ ಶುರುವಾಯಿತು. ಪರದೆಯ ಹಗ್ಗ ಅಂದು ಸಂಘದ ಕಾರ್ಯದರ್ಶಿಗಳ ಕೈಯಲ್ಲಿತ್ತು. ನಾನು ಬಲಗಡೆ ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಮಾತು ಮರೆತವರಿಗೆ ಎತ್ತಿಕೊಡುತ್ತಿದ್ದೆ. ಶಿವಮೂರ್ತಿಯವರು ನಿದ್ರೆ ಎರಚಿದರು. ಮಾವ ಪೀಠದ ಬುಡದಲ್ಲಿ ಮಲಗಿದರು, ಎಷ್ಟು ಚೆನ್ನಾಗಿ ಮಲಗಿದರೆಂದರೆ ಮುಂದಿನ ಸಾಲಿನಲ್ಲಿ ಒಂದು ಮಗು ಆಕಳಿಸಿತು. ಮೂವರು ಕಳ್ಳರು ತುದಿಗಾಲಿನಲ್ಲಿ ಬಂದರು. ವಿಮಲಾ ಟೀಚರ್ ಎಂದಿನಂತೆ ಚಂದ್ರನನ್ನು ಕಂಕುಳಿಗೆ ಸೇರಿಸಲು ಕೈ ಹಾಕಿದರು.

ಚಂದ್ರ ಬರಲಿಲ್ಲ.

ಟೀಚರ್ ನನ್ನ ಕಡೆ ನೋಡಿದರು. ನಾನು ಪುಟ ನೋಡಿದೆ. ಅದರಲ್ಲಿ ಬರುತ್ತದೆ ಎಂದೇ ಇತ್ತು. ಮೂವರೂ ಸೇರಿ ಹಿಡಿದರು. ಬರಲಿಲ್ಲ. ಟೀಚರ್ ಧೈರ್ಯಗೆಡದೆ, ಚಂದ್ರನು ಇಂದು ತುಸು ಭಾರವಾಗಿರುವನು ಎಂದು ಗ್ರಾಂಥಿಕವಾಗಿ ಘೋಷಿಸಿದರು. ಶಿವಮೂರ್ತಿಯವರಿಗೆ ವ್ಯಾಪಾರದ ದಾರಿಯೇ ಹೊಳೆದದ್ದು.

"ಪೂರ್ತಿ ಬೇಡ ಕಣ್ರೀ. ಅರ್ಧ ಬಿಟ್ಟು ಅರ್ಧ ತಗೊಂಡ್ ಹೋಗೋಣ."

ಸಭೆ ನಕ್ಕಿತು. ಆದರೆ ಅದು ಬರಿಯ ಸಭೆಯಲ್ಲ, ಭಾರ ಎತ್ತುವುದನ್ನೇ ಕಸುಬಾಗಿ ಉಳ್ಳವರ ಸಭೆ. ಅರ್ಧ ನಿಮಿಷದಲ್ಲಿ ಸಲಹೆಗಳು ಬರತೊಡಗಿದವು. ಒಬ್ಬರು ಹಾರೆ ಕೊಡಿ ಎಂದರು. ಇನ್ನೊಬ್ಬರು ಚೈನ್ ಪುಲ್ಲಿ ತರಿಸಿ ಎಂದರು. ರಾತ್ರಿ ಪಾಳಿಗೆ ಹೊರಟು ಸೈಕಲ್ಲಿನ ಮೇಲೆ ಕೂತಿದ್ದವರೂ ಇಳಿದು ಮುಂದೆ ಬಂದರು. ಇಷ್ಟು ಜನರ ಮುಂದೆ ಕ್ರೇನಿನ ಮಾನ ಉಳಿಸಲೇಬೇಕೆಂದು ಮುರುಗೇಶಣ್ಣ ಪಂಚೆ ಬಿಗಿದು, ಸೊಂಟ ಬಗ್ಗಿಸಿ, ಒಬ್ಬರೇ ಚಂದ್ರನನ್ನು ತಬ್ಬಿಕೊಂಡರು.

ಆಗ ಮಾವನ ಒಂದು ಕಣ್ಣು ತೆರೆಯಿತು.

ಮಾತು ಬರುವವರೆಗೆ ಅಲ್ಲಾಡುವುದಿಲ್ಲವೆಂದು ಅವರು ನನಗೆ ಭಾಷೆ ಕೊಟ್ಟಿದ್ದರು. ಅದನ್ನು ಉಳಿಸಿಕೊಳ್ಳಲು ಪಟ್ಟ ಪಾಡು ನನಗೆ ಕಾಣುತ್ತಿತ್ತು. ಕಾಲ್ಬೆರಳು ಮಡಿಸಿಕೊಂಡರು, ತುಟಿ ಕಚ್ಚಿಕೊಂಡರು. ಆದರೆ ಕಣ್ಣೆದುರು ಒಬ್ಬ ಮನುಷ್ಯ ತಪ್ಪಾಗಿ ಭಾರ ಎತ್ತುವಾಗ ನಿದ್ರೆ ಮಾಡುವುದು ಫಿಟ್ಟರನಿಗೆ ಸಾಧ್ಯವಿಲ್ಲ.

"ಮುರುಗೇಶಾ, ಕೈ ತೆಗಿ ಮಾರಾಯ. ಸೊಂಟ ಹೋಗ್ತದೆ. ಇದು ಹತ್ತು ಎಂಎಂ ಕಬ್ಬಿಣದ ಪ್ಲೇಟು, ಎರಡೂ ಕಡೆ." ಎದ್ದು ಕೂತರು. "ಎತ್ತೋದಲ್ಲ ಇದು, ಉರುಳ್ಸೋದು."

ಕಾವಲುಗಾರ ಎದ್ದ. ಕಳ್ಳರನ್ನು ಸಾಲಾಗಿ ನಿಲ್ಲಿಸಿದ. ಈಟಿಯನ್ನು ಚಂದ್ರನ ಕೆಳಗೆ ತೂರಿಸಿ ಮೀಟಿದ. ಆ ಈಟಿಯೂ ನಿಜವಾದ ಪೈಪು ಎಂದು ನನಗೆ ತಿಳಿದದ್ದು ಆಗಲೇ. ಸಭೆಯಿಂದ ಆರೇಳು ಮಂದಿ ಹಾರಿ ಬಂದರು. "ಐಸಾ" ಎಂದು ಒಬ್ಬರು ಎತ್ತಿಕೊಟ್ಟರೆ ಮೈದಾನವೆಲ್ಲ "ಐಸಾ" ಎಂದಿತು. ಪೀಠದಿಂದ ಹಲಗೆಗೆ ಇಳಿದ ಚಂದ್ರ ನಿಧಾನವಾಗಿ ಉರುಳತೊಡಗಿದ. ನೀಲಿ ಬೆಳಕಿನಲ್ಲಿ, ಒಂದೊಂದೇ ಕಲೆ ಮೇಲಾಗುತ್ತಾ ಕೆಳಗಾಗುತ್ತಾ, ವೇದಿಕೆಯ ಉದ್ದಕ್ಕೂ ಚಂದ್ರ ನಡೆದುಹೋದ. ಪಕ್ಕದಲ್ಲಿ ಮಾವ, ಕರುವನ್ನು ಮನೆಗೆ ಕರೆದೊಯ್ಯುವವರ ಹಾಗೆ ಅವನ ಬೆನ್ನ ಮೇಲೆ ಕೈಯಿಟ್ಟು, "ಬರ್ಲಿ, ಬರ್ಲಿ, ನಿಧಾನ" ಎನ್ನುತ್ತಾ ಜೊತೆಗೇ ಹೋದರು. ನಾನು ಬರೆದದ್ದಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು. ಸಾಮಾನು ಇಳಿಸಲು ಹಾಕಿದ್ದ ಹಲಗೆಯ ಇಳಿಜಾರಿನಿಂದ ಚಂದ್ರ, ಕಳ್ಳರು, ಕಾವಲುಗಾರ, ಸಭಿಕರು ಎಲ್ಲರೂ ವೇದಿಕೆಯ ಹಿಂದಿನ ಕತ್ತಲೆಗೆ ಇಳಿದುಹೋದರು.

ವೇದಿಕೆ ಖಾಲಿ. ಬರಿದಾದ ಪೀಠ. ನಿಶ್ಶಬ್ದ.

ಇಲ್ಲಿ ನನ್ನ ಕ್ರಮಬದ್ಧತೆ ಕೆಲಸ ಮಾಡಿತು. ನಿಶ್ಶಬ್ದವಾದರೆ ಯಾರೋ ಮಾತು ಮರೆತಿದ್ದಾರೆ, ಎತ್ತಿಕೊಡಬೇಕು ಎಂಬುದು ನನ್ನ ನಿಯಮ. ಕನಸಿನಿಂದ ಎಚ್ಚೆತ್ತವನಂತೆ ಪುಟ ನೋಡಿದೆ. ಬೆರಳಿನ ಕೆಳಗೆ ಮುಂದಿನ ಮಾತು ಇತ್ತು. ಚಂದ್ರನಿಗೆ ದಾರಿ ಬಿಡಲೆಂದು ಮೈಕನ್ನು ಯಾರೋ ಪಕ್ಕಕ್ಕೆ ಸರಿಸಿ ನನ್ನ ಮೂಗಿನ ಮುಂದೆಯೇ ನಿಲ್ಲಿಸಿದ್ದರು. ಅದನ್ನು ನಾನು ನೋಡಲಿಲ್ಲ.

"ಚಂದ್ರ ಎಲ್ಲಿ?" ಎಂದೆ.

ಕಂಬದ ಮೇಲಿನ ಎರಡು ಲೌಡ್‌ಸ್ಪೀಕರುಗಳಿಂದ ಆ ಮಾತು ನ್ಯೂ ಟೌನಿನ ಸಾಲುಮನೆಗಳ ಮೇಲೆಲ್ಲ ಹಬ್ಬಿ, ಎಲ್ಲೋ ಬಡಿದು, ವಾಪಸು ಬಂತು. ಸೈಕಲ್ಲಿನವರಿಗೆ ಕೇಳಿಸಿತು. ಕಾರ್ಖಾನೆಯ ಗೇಟಿನಲ್ಲಿದ್ದವರಿಗೂ ಕೇಳಿಸಿತಂತೆ. ಮುಂದಿನ ಸಾಲಿನ ಒಬ್ಬ ಅಜ್ಜಿ ಮರುಕದಿಂದ, "ಈಗಷ್ಟೇ ಹಿಂದಗಡೆ ಹೋಯ್ತಲ್ಲಪ್ಪಾ" ಎಂದು ಉತ್ತರ ಕೊಟ್ಟರು. ಕಾರ್ಯದರ್ಶಿಗಳು ಪರದೆ ಎಳೆದರು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಬಹುಮಾನ ವಿತರಣೆಯಲ್ಲಿ, ಅತ್ಯುತ್ತಮವಾಗಿ ಮಾತು ಒಪ್ಪಿಸಿದ್ದಕ್ಕಾಗಿ ನನಗೆ ಒಂದು ಸ್ಟೀಲ್ ತಟ್ಟೆ ಕೊಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಾವ. ಅವರ ಮೊಣಕಾಲಿನವರೆಗೆ ಹುಲ್ಲು ಮೆತ್ತಿಕೊಂಡಿತ್ತು.

ಮನೆಗೆ ನಡೆಯುವಾಗ ಸುಜಾತ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. ಆಮೇಲೆ ಹೇಳಿದಳು:

"ಅಪ್ಪಂಗಿದ್ದಿದ್ದು ಒಂದೇ ಮಾತು ರೀ. ಅದನ್ನೂ ನೀವೇ ಹೇಳ್ಬಿಟ್ರಲ್ಲ."

ಮೂವರು ಕಳ್ಳರನ್ನು ಸೃಷ್ಟಿಸಿದೆ ಎಂದು ಬೀಗುತ್ತಿದ್ದ ನನಗೆ, ನಾಲ್ಕನೆಯವನು ಯಾರೆಂದು ಆಗ ಗೊತ್ತಾಯಿತು. ಉಳಿದ ಮೂವರಿಗೆ ಕದಿಯಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಹಿಂದಿನಿಂದ ಬರುತ್ತಿದ್ದ ಮಾವ ನನ್ನ ಭುಜ ಮುಟ್ಟಿದರು.

"ನಾನೂ ಹೇಳ್ದೆ ಅಳಿಯಂದ್ರೇ. ಇಳಿಜಾರಲ್ಲಿ ಕೈ ತಪ್ಪಿ ಚಂದ್ರ ಕತ್ಲಲ್ಲಿ ಎಲ್ಲೋ ಹೋಗ್ಬಿಡ್ತು. ಹುಡುಕ್ತಾ ಹುಡುಕ್ತಾ ಜೋರಾಗೇ ಕೂಗ್ದೆ. ನೀವೂ ಆಗ್ಲೇ ಹೇಳಿದ್ರಲ್ಲ, ಅದ್ಕೆ ಯಾರ್ಗೂ ಕೇಳಿಸ್ಲಿಲ್ಲ."

ನನಗೆ ಸಮಾಧಾನವಾಗಲೆಂದು ಅಪ್ಪ ಹಾಗೆ ಹೇಳಿದ್ದು ಎಂಬುದು ಸುಜಾತಳ ನಂಬಿಕೆ. ಮುರುಗೇಶಣ್ಣ ಆ ಹೊತ್ತಿನಲ್ಲಿ ಸೊಂಟ ಹಿಡಿದು ಕೂತಿದ್ದರಂತೆ. ಟೀಚರಿಗೂ ಶಿವಮೂರ್ತಿಯವರಿಗೂ ಲೌಡ್‌ಸ್ಪೀಕರೊಂದೇ ಕೇಳಿಸಿದ್ದು. ಮಾವ ಈಗ ಹೊಳೆಹೊನ್ನೂರಿನಲ್ಲಿದ್ದಾರೆ. ಅಲ್ಲಿ ನಾಟಕ ಸಂಘವಿಲ್ಲ. ನನ್ನ ದಿನಚರಿಯ ಫೆಬ್ರವರಿ 28ರ ಪುಟದಲ್ಲಿ "ಮಾವನ ಮಾತು" ಎಂದು ಬರೆದು, ಮುಂದೆ ಜಾಗ ಹಾಗೇ ಬಿಟ್ಟಿದ್ದೇನೆ.

ಓದುಗರಲ್ಲಿ ಯಾರಾದರೂ ಆ ಸಂಜೆ ಚಂದ್ರನನ್ನು ತಳ್ಳಲು ವೇದಿಕೆ ಹತ್ತಿದ್ದರೆ, ಅಥವಾ ಹಿಂದಿನ ಹುಲ್ಲಿನ ಕಡೆ ಬೇರೆ ಯಾವುದೇ ಕಾರಣಕ್ಕೆ ನಿಂತಿದ್ದರೆ, ಕಾರಣ ನಾನು ಕೇಳುವುದಿಲ್ಲ, ಕತ್ತಲೆಯಲ್ಲಿ ಒಬ್ಬ ಕಾವಲುಗಾರ "ಚಂದ್ರ ಎಲ್ಲಿ?" ಎಂದು ಕೂಗಿದ್ದು ಕಿವಿಗೆ ಬಿದ್ದಿತ್ತೇ ಎಂದು ದಯವಿಟ್ಟು ಬರೆದು ತಿಳಿಸಿ. ಕೋಪದಿಂದ ಕೂಗಿದರೋ ದುಃಖದಿಂದಲೋ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ಪತ್ರವನ್ನು ನನ್ನ ಹೆಂಡತಿಯ ಹೆಸರಿಗೆ ಬರೆಯಿರಿ. ನನ್ನ ಹೆಸರಿಗೆ ಬಂದರೆ ನಾನೇ ಬರೆದುಕೊಂಡದ್ದು ಎನ್ನುತ್ತಾಳೆ.