ನೂರಕ್ಕೆ ನೂರು ಊಟ

ಇಷ್ಟೆಲ್ಲ ಫಜೀತಿಗೆ ಕಾರಣ ಒಂದೇ ಒಂದು ಪ್ರಶ್ನೆ.

ಚಿತ್ತಾಪುರದ ಐಟಿಐಯಲ್ಲಿ ವೆಲ್ಡಿಂಗ್ ಕಲಿಸುವ ಮಾಣಿಕಪ್ಪನಿಗೆ ಕಬ್ಬಿಣಕ್ಕೆ ಕಬ್ಬಿಣ ಅಂಟಿಸುವುದು ಗೊತ್ತು. ಐಟಿಐ ಮಾಸ್ತರರಿಗೆಂದು ಸೇಡಂನಲ್ಲಿ ನಡೆದ ತರಬೇತಿಯಲ್ಲಿ ಎರಡು ವಾರ ಕೂತರೂ ಡಾಟಾ ಸೈನ್ಸ್ ಮಾತ್ರ ತಲೆಗೆ ಅಂಟಿರಲಿಲ್ಲ. ಅಂಟಿದ್ದು ಅಲ್ಲಿ ಪಾಠ ಹೇಳುವ ಅಜಯಕುಮಾರ ಸರ್ ದಿನಾ ಹೇಳುತ್ತಿದ್ದ ಒಂದೇ ಮಾತು: "ಮನುಷ್ಯಾ ಸುಳ್ಳ ಹೇಳ್ತಾನ, ಡಾಟಾ ಹೇಳಂಗಿಲ್ಲ." ಅದನ್ನೇ ಮನೆಯಲ್ಲಿ ಹೆಂಡತಿ ಅನಸುಬಾಯಿಗೆ ಹೇಳಿ ಮೆರೆಯುತ್ತಿದ್ದ.

ಇವತ್ತು ಕೊನೆಯ ದಿನ, ಅರ್ಧ ದಿನದ ಕ್ಲಾಸು. "ಒಂದು ಪ್ರಶ್ನೆ ಎಲ್ಲಾರಿಗೂ ಕೇಳ್ರಿ, ಉತ್ತರದ ಗ್ರಾಫ್ ತೋರಸ್ರಿ. ಫೇಲಾದವ್ರು ಮುಂದಿನ ತಿಂಗಳು ಮತ್ತ ಬರಬೇಕು" ಎಂದರು ಸರ್. ಮತ್ತೆ ನಸುಕಿನ ರೈಲು! ನೆನೆದೇ ಮಾಣಿಕಪ್ಪನ ಬೆನ್ನು ನೋಯತೊಡಗಿತು.

ಪ್ರಶ್ನೆ ಹೊಳೆಯಲಿಲ್ಲ. ಅಷ್ಟರಲ್ಲಿ ಚಿಂಚೋಳಿಯ ಫಿಟ್ಟರ್ ಮಾಸ್ತರ ಬಸವಂತರಾಯ ಎದುರಾದ. ಬಾಯಿ ತಾನಾಗಿಯೇ ಕೇಳಿತು:

"ಊಟ ಆತೇನ್ರಿ?"

"ಆತ್ರಿ. ನಿಮ್ದು?"

"ಆತ್ರಿ."

ಸಿಕ್ಕಿತು ಪ್ರಶ್ನೆ! ಶಹಾಬಾದಿನ ಹೊಲಿಗೆ ಟೀಚರ್ ದಾನೇಶ್ವರಿಯಿಂದ ಹಿಡಿದು ಹಿಂದಿನ ಬೆಂಚಿನಲ್ಲಿ ತೂಕಡಿಸುವವರವರೆಗೆ ಎಲ್ಲರನ್ನೂ ಕೇಳಿದ. ನಸುಕಿನಲ್ಲಿ ಬರೀ ಚಹಾ ಕುಡಿದು ಹೊರಟವರು, ಆದರೂ ಎಲ್ಲರದೂ ಒಂದೇ ಉತ್ತರ: "ಆತ್ರಿ." ಮಾಣಿಕಪ್ಪ ಕಂಪ್ಯೂಟರಿನಲ್ಲಿ ತನ್ನ ಹೆಸರಿನ ಮುಂದೂ 'ಆಗಿದೆ' ಎಂದೇ ಒತ್ತಿದ. ಗ್ರಾಫು ಲೈಟಿನ ಕಂಬದ ಹಾಗೆ ಎದ್ದಿತು, ನೂರಕ್ಕೆ ನೂರು! ಹೆಸರುಗಳ ಸಮೇತ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದ.

ಆಗಲೇ ಅಡುಗೆಯ ಬಾಬುಮಿಯಾ ಬಂದ. "ಸಾಬ್, ಎಷ್ಟ್ ಮಂದಿಗಿ ಅನ್ನಾ ಮಾಡ್ಲಿ?"

ಸರ್ ಗ್ರಾಫ್ ನೋಡಿದರು. "ಎಲ್ಲಾರ್ದೂ ಊಟ ಆಗ್ಯಾದ. ಒಲಿ ಹಚ್ಚಬ್ಯಾಡ. ಡಾಟಾ ನೋಡಿ ನಿರ್ಧಾರ ತಗೊಳ್ಳೋದು ಅಂದ್ರ ಇದು!"

ಮಧ್ಯಾಹ್ನ ಖಾಲಿ ಪಾತ್ರೆಗಳ ಮುಂದೆ ಎಲ್ಲರೂ ಮಾಣಿಕಪ್ಪನನ್ನು ಮುತ್ತಿದರು.

"ಏನ್ರಿ, ನಮ್ ಬಾಯಿಗೇ ವೆಲ್ಡಿಂಗ್ ಮಾಡಿದ್ರಲ್ಲ!" ಎಂದ ಬಸವಂತರಾಯ.

"ಆತು ಅಂದವ್ರು ನೀವೇ ಅಲ್ರಿ!"

"ಕೇಳಿದ್ರ ಯಾರರ ಆಗಿಲ್ಲ ಅಂತಾರೇನು?" ದಾನೇಶ್ವರಿ ಸಿಡುಕಿದಳು. "ನಾವೇನ್ ನಿಮ್ ಮನಿಗಿ ಉಣ್ಲಾಕ ಬಂದೀವಾ?"

ಗದ್ದಲಕ್ಕೆ ಸರ್ ಓಡಿಬಂದರು. "ಸುಳ್ಳ ಡಾಟಾ ಕೊಟ್ಟವ್ರು ಯಾರು? ಕೈ ಎತ್ರಿ. ಮುಂದಿನ ಬ್ಯಾಚಿಗೆ ಹಾಕ್ತೀನಿ."

ಒಂದು ಕೈಯೂ ಏಳಲಿಲ್ಲ.

"ಊಟ ಆಗ್ಯಾದ್ರಿ ಸರ್" ಎಂದ ಬಸವಂತರಾಯ. ಅವನ ಹೊಟ್ಟೆ ಹಳೇ ಟ್ರ್ಯಾಕ್ಟರಿನಂತೆ ಗುಡುಗುತ್ತಿತ್ತು.

"ಭಾಳ ಆಗ್ಯಾದ್ರಿ" ಎಂದಳು ದಾನೇಶ್ವರಿ.

ಮಾಣಿಕಪ್ಪ ಎಲ್ಲರಿಗಿಂತ ಹೆಚ್ಚು ಅಂಕ ಪಡೆದು ಪಾಸಾದ. ಚಪ್ಪಾಳೆ ತಟ್ಟಲು ಯಾರಿಗೂ ತ್ರಾಣವಿರಲಿಲ್ಲ.

ಸ್ಟೇಷನ್ನಿನಲ್ಲಿ ಭಜಿಯ ವಾಸನೆ ಬಂತು, ಆದರೆ ರೈಲು ಆಗಲೇ ಕದಲುತ್ತಿತ್ತು. ಓಡಿ ಹತ್ತಿದ. ಮನೆಯ ಜೋಳದ ರೊಟ್ಟಿ, ಪುಂಡಿಪಲ್ಯ ನೆನೆಯುತ್ತ ಒಂದು ತೀರ್ಮಾನಕ್ಕೆ ಬಂದ: ಇನ್ನು ಮೇಲೆ ಊಟದ ವಿಷಯದಲ್ಲಿ ಸುಳ್ಳಿಲ್ಲ.

ಹೊಸ್ತಿಲಲ್ಲೇ ಕೂಗಿದ: "ನಂದು ಊಟ ಆಗಿಲ್ಲ!"

ಅನಸುಬಾಯಿ ರೊಟ್ಟಿ ಬುಟ್ಟಿ ತೊಳೆದು ಬೋರಲು ಹಾಕುತ್ತಿದ್ದಳು. "ಸಾಕ್ ಸುಮ್ನಿರ್ರಿ. ಲಗೂ ಬರ್ತೀರಿ ಅಂತ ರೊಟ್ಟಿ ಬಡಿದಿಟ್ಟಿದ್ದೆ. ನಿಮ್ ಸ್ಟೇಟಸ್ ನೋಡಿ ಎಲ್ಲಾ ಬಾಜೂಮನಿ ಕಾಶೀನಾಥಣ್ಣಗ ಕೊಟ್ಟೆ."

"ಅದು ಸುಳ್ಳು!"

"ಮನುಷ್ಯಾ ಸುಳ್ಳ ಹೇಳ್ತಾನ, ಡಾಟಾ ಹೇಳಂಗಿಲ್ಲ. ಎರಡ್ ವಾರದಿಂದ ನೀವೇ ಹೇಳಾಕತ್ತೀರಿ."

ಗೋಡೆಯಾಚೆ ದೊಡ್ಡದೊಂದು ತೇಗು ಕೇಳಿತು. ಹಿಂದೆಯೇ ಗೋಡೆಯ ಮೇಲೆ ಕಾಶೀನಾಥನ ಮುಖ ಮೂಡಿತು.

"ಏನ್ ಮಾಣಿಕಪ್ಪಣ್ಣ, ಈಗ ಬಂದ್ರಿ? ಊಟ ಆತೇನ್ರಿ?"

ಮಾಣಿಕಪ್ಪ ಬೋರಲು ಬಿದ್ದ ಬುಟ್ಟಿಯ ಕಡೆ ನೋಡಿದ.

"ಆತ್ರಿ" ಎಂದ. "ನಿಮ್ದು?"