ಪ್ರಶ್ನೆಗೂ ಒಂದು ಪಿರಿಯಡ್ಡು

ಈ ಪ್ರಪಂಚದಲ್ಲಿ ತನ್ನನ್ನು ಬಿಟ್ಟರೆ ಇನ್ಯಾರಿಗೂ ಪಾಠ ಮಾಡಲು ಬರುವುದಿಲ್ಲ ಎಂಬ ಸತ್ಯ ಸಂಗಮೇಶನಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಅದನ್ನು ಪ್ರಪಂಚಕ್ಕೂ ತಿಳಿಸುವ ಸಂದರ್ಭವೊಂದು ಬೇಕಾಗಿತ್ತು ಅಷ್ಟೆ. ಜುಲೈ ತಿಂಗಳ ಒಂದು ಸಂಜೆ ಅದೂ ಬಂತು. ಮಗಳ ಟೀಸಿಯನ್ನು ಗೆದ್ದ ರಾಜ್ಯದ ಬಾವುಟದ ಹಾಗೆ ಎತ್ತಿ ಹಿಡಿದು, ಬೆಂಗಳೂರಿನ ಅಂಚಿನ ಸಿಂಗಾಪುರದ ಬಾಡಿಗೆ ಮನೆಯ ಹಾಲಿನ ನಟ್ಟನಡುವೆ ನಿಂತು ಘೋಷಿಸಿಯೇ ಬಿಟ್ಟ.

"ನಾಳಿಂದ ಈ ಮನೀನ ಸಾಲಿ! ಹೆಡ್ಮಾಸ್ತರ್ರೂ ನಾನ, ಮಾಸ್ತರ್ರೂ ನಾನ!"

ಹೆಬ್ಬಾಳದ ಬ್ಯಾಂಕಿನಿಂದ ಆಗತಾನೆ ಬಂದು, ಇನ್ನೂ ಹೆಗಲಿನ ಚೀಲ ಇಳಿಸದ ಹೆಂಡತಿ ದಾಕ್ಷಾಯಣಿ ಕೇಳಿದಳು. "ಜವಾನನೂ ನೀವ ಏನ್ರೀ? ಗಂಟಿ ಬಾರಿಸಾಕ ಒಬ್ರು ಬೇಕಲ್ಲ!"

ಸಂಗಮೇಶ ಇಂಥ ಕ್ಷುಲ್ಲಕ ಮಾತುಗಳಿಗೆ ಉತ್ತರ ಕೊಡುವವನಲ್ಲ. ಇಳಕಲ್ ಕಡೆಯಿಂದ ಬಂದು ಮತ್ತಿಕೆರೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮೇಷ್ಟ್ರಾದವನು. ಪಾಠದಲ್ಲಿ ಅಂಥ ಹೆಸರೇನಿಲ್ಲ. ಹುಡುಗರು ಅವನ ಕ್ಲಾಸಿನಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಅವನ ಕೀರ್ತಿಯೆಲ್ಲ ಟೈಮ್‌ಟೇಬಲ್ಲಿನದು. ಯಾವ ಮೇಷ್ಟ್ರು, ಯಾವ ಕೋಣೆ, ಯಾವ ಗಂಟೆ ಎಂದು ಇಡೀ ಕಾಲೇಜನ್ನು ಚದುರಂಗದ ಕಾಯಿಗಳ ಹಾಗೆ ಕೂರಿಸುವ ಟೈಮ್‌ಟೇಬಲ್ ಸಮಿತಿಗೆ ಅವನೇ ಸಂಚಾಲಕ. ಅಷ್ಟು ದೊಡ್ಡ ಕಾಲೇಜನ್ನೇ ಹಳಿಯ ಮೇಲೆ ಓಡಿಸುವವನಿಗೆ ಹನ್ನೊಂದು ವರ್ಷದ ಒಬ್ಬಳೇ ಮಗಳು ನೀಲಾಂಬಿಕಾ ಯಾವ ಲೆಕ್ಕ!

ಇಷ್ಟಕ್ಕೂ ಟೀಸಿ ತಂದದ್ದು ಯಾಕೆ? ಕೇಳಿದವರಿಗೆಲ್ಲ "ಇಂದಿನ ಶಿಕ್ಷಣ ವ್ಯವಸ್ಥೆಯ ಅಧಃಪತನ" ಎಂದು ಹೇಳಿದ. ನಿಜವಾದ ಅಧಃಪತನ ಒಂದು ಗಾಳಿಯಂತ್ರದ್ದು. ಆರನೇ ಕ್ಲಾಸಿನ ಮಕ್ಕಳಿಗೆ ಗಾಳಿಯಂತ್ರದ ಮಾದರಿ ಮಾಡಿ ತರಲು ಹೇಳಿದ್ದರು. ನೀಲು ಐಸ್‌ಕ್ರೀಮ್ ಕಡ್ಡಿ, ಗೋಂದು ಹರಡಿಕೊಂಡು ಕೂತಿದ್ದಳು. "ಸರಿ ಆ ಕಡಿ, ಮರ್ಯಾದಿ ಕಳೀತಿ" ಎಂದು ಅವಳನ್ನು ಎಬ್ಬಿಸಿ, ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇತ್ ಓಡಿಸಿ, ಬೇರಿಂಗ್ ಕೂರಿಸಿ, ಮೀನು ಮಾರುಕಟ್ಟೆಯ ತಕ್ಕಡಿಯಷ್ಟು ತೂಕದ ಯಂತ್ರವನ್ನು ಸಂಗಮೇಶ ತಾನೇ ಹೊತ್ತುಕೊಂಡು ಹೋಗಿ ಕೊಟ್ಟ. ಅದಕ್ಕೆ ಆ ಶಾಲೆ ಕೊಟ್ಟದ್ದು ಬಿ ಗ್ರೇಡು!

ಕೇಳಲು ಹೋದರೆ ಕೋಆರ್ಡಿನೇಟರ್ ಫಖ್ರುನ್ನೀಸಾ ಮೇಡಂ ಕನ್ನಡಕ ಸರಿಮಾಡಿಕೊಂಡು, "ಮಗು ಮಾಡಿದ್ರೆ ಇದಕ್ಕೆ ಎ ಕೊಡ್ತಿದ್ವಿ ಸಾರ್. ದೊಡ್ಡೋರು ಮಾಡಿರೋದಕ್ಕೆ ಇದು ಬಿ ಕಣ್ರೀ" ಎಂದುಬಿಟ್ಟರು. ಲೇತ್‌ನ ಗಂಧಗಾಳಿ ಇಲ್ಲದವರು! ಅದೇ ಕ್ಷಣ ಟೀಸಿ ಕೇಳಿದ. ಅವರು ಎರಡು ದಿನ ಯೋಚನೆ ಮಾಡಿ ಬನ್ನಿ ಎಂದರು. ಯೋಚನೆ ಮಾಡುವುದು ತನ್ನ ಮನೆತನದಲ್ಲೇ ಇಲ್ಲ ಎನ್ನುವ ಹಾಗೆ ಇವನು ಅಲ್ಲೇ ಕೂತು ತೆಗೆದುಕೊಂಡು ಬಂದ.

ಇನ್ನು ಪಠ್ಯಕ್ರಮದ ಆಯ್ಕೆ. ರಾಜ್ಯದ ಸಿಲಬಸ್ ನೋಡಿದ. "ಗುಮಾಸ್ತರನ್ನ ಮಾಡಾಕ ಚಲೋ ಅದ." ಕೇಂದ್ರದ್ದು ನೋಡಿದ. "ಇವರು ದಿಲ್ಲಿ ಗುಮಾಸ್ತರು." ಇಂಗ್ಲೆಂಡಿನದನ್ನು ತಿರುವಿ ಹಾಕಿ, "ಇವರೂ ಗುಮಾಸ್ತರ, ಕೋಟ್ ಹಾಕ್ಕೊಂಡಾರ" ಎಂದು ಎಸೆದ. ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಂದೆತಾಯಿಯರು ಭಾನುವಾರ ಯಲಹಂಕದ ಕೆರೆ ಹತ್ತಿರ ಸೇರುತ್ತಾರೆಂದು ತಿಳಿದು ಅಲ್ಲಿಗೂ ಹೋದ. ಜುಟ್ಟು ಕಟ್ಟಿದ್ದ ಒಬ್ಬ ತಂದೆ ಅವನ ಭುಜದ ಮೇಲೆ ಕೈ ಹಾಕಿ, "ನಾವು ಸಿಲಬಸ್ಸೇ ಇಟ್ಕೊಂಡಿಲ್ಲ ಗುರು. ಮಗು ಏನ್ ಕೇಳತ್ತೋ ಅದೇ ಪಾಠ" ಎಂದ.

"ಈಗೇನ್ ಕೇಳ್ತಾ ಇದೆ?"

"ಫೋನು."

ಸಂಗಮೇಶ ಅವರಿಗೂ ಒಂದು ತಿರಸ್ಕಾರದ ನಗೆ ದಯಪಾಲಿಸಿ ಮನೆಗೆ ಬಂದ. ಕೊನೆಗೆ ದೇಶದೇಶಗಳಿಂದ ಒಂದೊಂದು ತುಂಡು ಕಿತ್ತು ತಾನೇ ಒಂದು ಪಠ್ಯಕ್ರಮ ಹೊಲಿದ. ವಿಜ್ಞಾನ ಫಿನ್ಲೆಂಡಿನದು, ಶಿಸ್ತು ಜಪಾನಿನದು, ಗಣಿತ ಸಿಂಗಾಪುರದ್ದು. ಗಣಿತದ ಪುಸ್ತಕಗಳಿಗೆ ಆರ್ಡರೂ ಹೋಯಿತು.

ಕೆಳಮನೆಯಲ್ಲಿ ಮಾಲೀಕ ಲಕ್ಕಣ್ಣನ ವಾಸ. ಈ ಊರು ಊರಾಗಿದ್ದಾಗ ಇಲ್ಲಿ ರಾಗಿ ಬೆಳೆದು, ಲೇಔಟ್ ಆದಮೇಲೆ ಮನೆ ಬೆಳೆದವನು. "ಏನ್ ಸಾರ್, ಸಿಂಗಾಪುರದ ಲೆಕ್ಕ ಏಳ್ಕೊಡ್ತೀರಂತೆ? ನಾನು ಇಲ್ಲೇ ಉಟ್ಟಿ ಬೆಳ್ದೋನು, ನಂಗೇ ಗೊತ್ತಿಲ್ವಲ್ಲ ಅಂಥ ಲೆಕ್ಕ!" ಎಂದ.

"ಈ ಸಿಂಗಾಪುರ ಅಲ್ಲ ಲಕ್ಕಣ್ಣೋರೇ, ಆ ಸಿಂಗಾಪುರ" ಎಂದು ಸಂಗಮೇಶ ಆಕಾಶದ ಕಡೆ ಕೈ ತೋರಿಸಿದ. ಪುಸ್ತಕ ಕಳಿಸುವವರಿಗೂ ಅದೇ ಗೊಂದಲವಾಗಿರಬೇಕು. ಪಾರ್ಸೆಲ್ಲು ಬೆಂಗಳೂರಿನ ಸಿಂಗಾಪುರ ಬಿಟ್ಟು ಸಮುದ್ರ ದಾಟಿ ಆ ಸಿಂಗಾಪುರಕ್ಕೇ ಹೋಗಿ ಕೂತಿತು!

ಹೋದರೆ ಹೋಗಲಿ, ಟೈಮ್‌ಟೇಬಲ್ ಇತ್ತಲ್ಲ! ಅಡುಗೆಮನೆ ಬಾಗಿಲಿನಿಂದ ಟೀವಿವರೆಗೆ ಗೋಡೆ ತುಂಬಿತು. ನಸುಕಿಗೆ ವಚನ ಪಠಣ. ಹಲ್ಲುಜ್ಜುವುದಕ್ಕೆ 'ಘರ್ಷಣೆ' ಎಂಬ ಹೆಸರು. ದೋಸೆ ತಿನ್ನುವುದು 'ಉಷ್ಣಶಾಸ್ತ್ರ, ಪ್ರಾಯೋಗಿಕ'. ದಿನಕ್ಕೊಂದು 'ಪ್ರಶ್ನೆ ಕೇಳುವ ಪಿರಿಯಡ್'. ಉಳಿದ ಹೊತ್ತಿನಲ್ಲಿ ಪ್ರಶ್ನೆ ನಿಷಿದ್ಧ. ಶನಿವಾರ 'ಸಲಹೆ ಮತ್ತು ದೂರು'. ದಾಕ್ಷಾಯಣಿ ಗೋಡೆಯ ಮುಂದೆ ನಿಂತು ತನ್ನ ಹೆಸರು ಹುಡುಕಿದಳು. ದೋಸೆಯ ಪಕ್ಕದಲ್ಲಿ 'ಲ್ಯಾಬ್ ಸಹಾಯಕಿ' ಎಂದಿತ್ತು.

"ಅಲ್ರೀ, ಹಗಲೆಲ್ಲಾ 'ಸಂ' 'ಸಂ' ಅಂತ ಬರ್ದೀರಲ್ಲ, ಯಾರಿಂವ?"

"ನಾನ! ಸಂಗಮೇಶ!"

"ಆ ಹೊತ್ತಿಗೆ ನೀವು ಕಾಲೇಜಿನ್ಯಾಗ ಇರ್ತೀರಲ್ಲ?"

ಹೌದಲ್ಲ! ಕಾಲೇಜಿನ ಟೈಮ್‌ಟೇಬಲ್ಲಿನಲ್ಲೂ ಅದೇ ಗಂಟೆಗೆ 'ಸಂ' ಇದ್ದ. ಎರಡನ್ನೂ ಬರೆದವನು ಅದೇ ಸಂ. ತನ್ನ ಜೀವಮಾನದಲ್ಲಿ ಯಾವ ಮೇಷ್ಟ್ರನ್ನೂ ಎರಡು ಕಡೆ ಕೂರಿಸದ ಮಹಾಶಯ ತನ್ನನ್ನೇ ಕೂರಿಸಿಕೊಂಡಿದ್ದ!

ಸೋಲುವ ಜಾತಿಯೇ? ಊರಿನಿಂದ ಬಂದಿದ್ದ ತಾಯಿ ರತ್ನಕ್ಕನನ್ನು ಇತಿಹಾಸ ವಿಭಾಗದ ಮುಖ್ಯಸ್ಥೆಯಾಗಿ ನೇಮಿಸಿದ. ಉಳಿದದ್ದಕ್ಕೆ 'ಸ್ವಯಂ ಕಲಿಕೆ' ಎಂದು ಬರೆದು ಸ್ಕೂಟರ್ ಹತ್ತಿದ. ವಾರ ಕಳೆದ ಮೇಲೆ ಇತಿಹಾಸದ ಪರೀಕ್ಷೆ. ಯಾವುದಾದರೂ ಒಂದು ಯುದ್ಧಕ್ಕೆ ಕಾರಣ, ಪರಿಣಾಮಗಳನ್ನು ಬರೆ ಎಂದ. ನೀಲು ಪುಟ ತುಂಬ ಬರೆದಳು: ಸಣ್ಣಜ್ಜಿಯು ತಾಮ್ರದ ಹಂಡೆಯನ್ನು ಯಾರಿಗೂ ಹೇಳದೆ ತವರಿಗೆ ಸಾಗಿಸಿದ್ದೇ ಯುದ್ಧದ ತಕ್ಷಣದ ಕಾರಣ. ಪರಿಣಾಮವಾಗಿ ಎರಡೂ ಮನೆಗಳ ನಡುವೆ ದೀಪಾವಳಿಯ ಸಂಪರ್ಕ ಕಡಿದುಹೋಯಿತು.

"ಏನವ್ವಾ ಇದು? ಪಾಣಿಪತ ಎಲ್ಲೈತಿ?" ಎಂದು ಸಂಗಮೇಶ ಕೂಗಾಡಿದ.

"ಪಾಣಿಪತದಾಗ ನಮ್ಮವರು ಯಾರಿದ್ರೋ?" ಎಂದಳು ರತ್ನಕ್ಕ.

ಇನ್ನು ಯಾರನ್ನೂ ನಂಬಿ ಪ್ರಯೋಜನವಿಲ್ಲವೆಂದು ಮರುದಿನ ರಜೆ ಹಾಕಿ ಸ್ವತಃ ಕಣಕ್ಕಿಳಿದ. ತಾರಸಿಯ ಮೇಲೆ ಸೈಫನ್ ಪ್ರಯೋಗ. ಮೇಲಿನ ನೀರಿನ ಟ್ಯಾಂಕಿಗೆ ಗಿಡಕ್ಕೆ ನೀರು ಬಿಡುವ ಪೈಪಿನ ಒಂದು ತುದಿ ಇಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆದು, ಬಕೆಟ್ಟಿಗೆ ಬಿಟ್ಟ. ನೀರು ಧುಮುಕಿತು! "ನೋಡು, ಮೋಟರ್ ಇಲ್ಲ, ಕರೆಂಟ್ ಇಲ್ಲ. ಪೈಪ್ ಮ್ಯಾಲ ಎತ್ತೋತನಕ ನಿಲ್ಲಂಗಿಲ್ಲ. ನೀ ಮಾತ್ರ ಏನೂ ಮುಟ್ಟಬ್ಯಾಡ" ಎನ್ನುತ್ತಿರುವಾಗ ಫೋನ್ ಬಂತು. ಕಾಲೇಜಿನಲ್ಲಿ ಅವನಿಲ್ಲದ ದಿನ ಇಬ್ಬರು ಮೇಷ್ಟ್ರುಗಳು ಒಂದೇ ಕೋಣೆಗೆ ನುಗ್ಗಿ, ಒಂದೇ ಬೋರ್ಡಿನ ಮೇಲೆ ಜಗಳಕ್ಕೆ ನಿಂತಿದ್ದರು.

"ಪಪ್ಪಾ, ಬಕೆಟ್ ತುಂಬ್ತು" ಎಂದಳು ನೀಲು.

ಅವನು ಫೋನಿನಲ್ಲಿ ಗರ್ಜಿಸುತ್ತ ಸುಮ್ಮನಿರು ಎಂದು ಕೈಸನ್ನೆ ಮಾಡಿದ.

"ಪಪ್ಪಾ, ಮೆಟ್ಲಿಳೀತಿದೆ ನೀರು. ಏನ್ಮಾಡ್ಲಿ?"

"ಪ್ರಶ್ನಿ ಕೇಳೋ ಪಿರಿಯಡ್ ನಾಲ್ಕಕ್ಕ ಅದ!"

ನೀಲು ಶಿಸ್ತಿನ ಹುಡುಗಿ. ಕೈ ಕಟ್ಟಿಕೊಂಡು ನಿಂತಳು. ಫೋನು ಮುಗಿಯುವುದಕ್ಕೂ ಕೆಳಗಿನಿಂದ ಲಕ್ಕಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬರುವುದಕ್ಕೂ ಸರಿಹೋಯಿತು. "ಏನ್ ಸಾರ್ ಇದು! ಮೆಟ್ಲ್ ಮ್ಯಾಲೆ ಒಳೆ ಅರೀತಾ ಅದೆ! ಮೊಮ್ಮಗಳನ್ನ ನೋಡಾಕೆ ರಾಜಾನುಕುಂಟೆಯಿಂದ ಬೀಗ್ರು ಬಂದವ್ರೆ, ಅವ್ರ ಚಪ್ಲಿ ಎಲ್ಲಾ ತೇಲ್ಕಂಡ್ ಓಯ್ತಾ ಅವೆ!"

"ಗಾಬರಿಯಾಗ್ಬೇಡಿ, ಇದು ಸೈಫನ್ ತತ್ವ" ಎಂದ ಸಂಗಮೇಶ.

"ತತ್ವ ಆಮ್ಯಾಕ್ಕೆ ಏಳಿ, ಮೊದ್ಲು ನಿಲ್ಸಿ!"

ನೀಲು ಪೈಪನ್ನು ಮೇಲೆತ್ತಿದಳು. ನೀರು ನಿಂತಿತು. ನಿಲ್ಲದೆ ಏನು ಮಾಡೀತು, ಟ್ಯಾಂಕೇ ಬರಿದಾಗಿತ್ತು! ಕೆಳಗೆ ಬೀಗರ ಕಾಫಿಗೆಂದು ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬಂತು. ಗೇಟು ದಾಟಿ ಹೋದ ಪಾದರಕ್ಷೆಗಳನ್ನು ಹೆಣ್ಣು ನೋಡಲು ಬಂದಿದ್ದ ಹುಡುಗನೇ ಮೋರಿಗಿಳಿದು ಎತ್ತಿದ. ಅದನ್ನು ನೋಡಿ ಮೊಮ್ಮಗಳು ದಿವ್ಯ ಕಿಸಕ್ಕನೆ ನಕ್ಕಳಂತೆ. ಆ ಸಂಬಂಧ ಉಳಿಯಿತು. ಸಂಗಮೇಶನ ಮರ್ಯಾದೆ ಉಳಿಯಲಿಲ್ಲ. ಸೈಫನ್ ಸಾರ್ ಎಂಬ ಹೊಸ ಹೆಸರು ಸಂಜೆಯೊಳಗೆ ಹಾಲಿನ ಬೂತ್‌ವರೆಗೂ ಮುಟ್ಟಿತು.

ಆ ಸಂಜೆ ಲಕ್ಕಣ್ಣನ ಕಣ್ಣಿಗೆ ಬೀಳದಿರಲೆಂದು ಬಾಲ್ಕನಿಯಲ್ಲಿ ಒಣಗಿಹಾಕಿದ್ದ ಸೀರೆಯ ಹಿಂದೆ ನಿಂತಿದ್ದಾಗ, ಕೆಳಗೆ ಯಾರೋ ಓಡುವ ಸದ್ದು ಕೇಳಿತು. ಸೀರೆ ಸರಿಸಿ ನೋಡಿದ. ಕಾಂಪೌಂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಸ್ಕೂಟರುಗಳ ಮಧ್ಯೆ ನೀಲು ಹಾವಿನ ಹಾಗೆ ನುಲಿದುಕೊಂಡು ಓಡುತ್ತಿದ್ದಳು. ಕೊನೆಯ ಸ್ಕೂಟರಿನ ಸೀಟು ಮುಟ್ಟಿ "ಖೋ!" ಎಂದಳು. ಸ್ಕೂಟರು ಏಳಲಿಲ್ಲ. ಅದರ ಬದಲಿಗೆ ತಾನೇ ಓಡಿದಳು. ಇನ್ನೊಂದನ್ನು ಮುಟ್ಟಿ ಮತ್ತೆ "ಖೋ!" ಎಂದಳು. ಅದರ ಪಾಲಿಗೂ ತಾನೇ ಓಡಿದಳು.

ಇಷ್ಟು ದಿನ ಎಲ್ಲರನ್ನೂ ನೋಡಿ ನಕ್ಕವನಿಗೆ ಇದನ್ನು ನೋಡಿ ಮಾತ್ರ ನಗು ಬರಲಿಲ್ಲ. ಮೆಲ್ಲಗೆ ಕೆಳಗಿಳಿದು ಹೋದ.

"ಯಾರ ಜೋಡಿ ಆಡಾಕತ್ತೀಯವ್ವಾ?"

"ಯಾರೂ ಇಲ್ಲ ಪಪ್ಪಾ. ಪ್ರಾಕ್ಟೀಸು. ಸ್ಕೂಲ್ ಟೀಮಿಗೆ ಸೆಲೆಕ್ಟ್ ಆಗಿದ್ದೆ. ಮುಂದಿನ ವಾರ ಯಲಹಂಕದಲ್ಲಿ ಮ್ಯಾಚು. ಈಗ ಹಾಜರಿ ಪುಸ್ತಕದಲ್ಲಿ ಹೆಸರಿಲ್ವಲ್ಲ, ಆಡಂಗಿಲ್ಲ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ದೆ. ಶನಿವಾರದ ಪಿರಿಯಡ್‌ನಲ್ಲಿ ಹೇಳು ಅಂದ್ರಿ. ಆ ಶನಿವಾರ ನಿಮಗೆ ಮೀಟಿಂಗ್ ಇತ್ತು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ಸಂಗಮೇಶ ಸ್ಕೂಟರಿನ ಸೀಟಿನ ಮೇಲೆ ಕೂತ. ಮಗಳು ಅವನ ಬೆನ್ನು ಮುಟ್ಟಿ, "ಖೋ" ಎಂದಳು. ಏಳಬೇಕೆಂದೂ ಅವನಿಗೆ ಹೊಳೆಯಲಿಲ್ಲ.

ದಾಕ್ಷಾಯಣಿ ಜಗಳವಾಡಲಿಲ್ಲ. "ನಾಳೆ ಹೋಗಿ ಆ ಮೇಡಂನ ಕೇಳ್ರಿ" ಎಂದಳು ಅಷ್ಟೆ.

"ನಾನಾ? ಅಕಿ ಮುಂದಾ?"

"ಹೌದು. ನೀಲೂನ ಕರ್ಕೊಂಡ್ ಹೋಗ್ರಿ. ತಿಳುವಳಿಕಿ ಇರೋರು ಒಬ್ರು ಜೋಡಿಗಿರ್ಲಿ."

ದಾರಿಯುದ್ದಕ್ಕೂ ಸಂಗಮೇಶ ಒಂದು ಭಾಷಣ ಕಟ್ಟಿದ. ಕ್ಷಮೆ ಎಂಬ ಶಬ್ದ ಎಲ್ಲಿಯೂ ನುಸುಳದಂತೆ, 'ಪರ್ಯಾಯ ಶಿಕ್ಷಣದ ಅಲ್ಪಾವಧಿ ಅಧ್ಯಯನ ಮುಗಿಸಿ ಬಂದಿದ್ದೇವೆ' ಎನ್ನುವ ಹಾಗೆ. ಫಖ್ರುನ್ನೀಸಾ ಮೇಡಂ ಅಂದು ಒಂದನೇ ಕ್ಲಾಸಿನ ಕೋಣೆಯಲ್ಲಿದ್ದರು. ಅಲ್ಲಿದ್ದದ್ದು ಚಿಳ್ಳೆಪಿಳ್ಳೆಗಳು ಕೂರುವ ಕುರ್ಚಿ ಮಾತ್ರ. ಅದರಲ್ಲಿ ಕೂತಾಗ ಸಂಗಮೇಶನ ಮೊಣಕಾಲು ಗದ್ದಕ್ಕೆ ತಾಗಿತು. ಆ ಭಂಗಿಯಲ್ಲಿ ಯಾರಿಗಾದರೂ ಭಾಷಣ ಹೊರಡುತ್ತದೆಯೇ?

"ಮೇಡಂ... ಮಗು ಖೋಖೋ ಆಡ್ಬೇಕು ಅಂತಾಳೆ" ಎಂದ.

ಮೇಡಂ ಅವನು ಚಾಚಿದ ಟೀಸಿಯನ್ನು ತೆಗೆದುಕೊಂಡು ನೋಡಿದರು. ಅವನನ್ನು ನೋಡಿದರು. "ಇವತ್ತೇ ಸೇರಿಸ್ಕೊಳ್ತೀನಿ ಬಿಡಿ. ಹೆಸರಿನ ಪಟ್ಟಿ ಕಳಿಸೋಕೆ ಇನ್ನೂ ಟೈಮಿದೆ, ಮ್ಯಾಚೂ ಆಡ್ತಾಳೆ."

ಸಂಗಮೇಶನಿಗೆ ಹೋದ ಉಸಿರು ಬಂತು. ಉಸಿರಿನ ಜೊತೆಗೆ ಹಳೆಯ ಸ್ವಭಾವವೂ ಸ್ವಲ್ಪ ಬಂತು. ಕುರ್ಚಿಯಲ್ಲಿ ಆದಷ್ಟು ನೆಟ್ಟಗಾಗಿ, "ಮನೆಯಲ್ಲೂ ಪ್ರಗತಿ ಏನ್ ಕಮ್ಮಿ ಇರ್ಲಿಲ್ಲ ಮೇಡಂ" ಎಂದ.

"ಹೌದಾ?" ಮೇಡಂ ನೀಲುವಿನ ಕಡೆ ತಿರುಗಿದರು. "ನೀನೇ ಹೇಳಮ್ಮ. ಹೇಗಿತ್ತು ಪ್ರಗತಿ?"

ನೀಲು ಅಪ್ಪನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿದಳು. ತಾಯಂದಿರು ಟೀಚರ್ ಮುಂದೆ ನಿಲ್ಲುವ ಹಾಗೆ ಕೈ ಕಟ್ಟಿ, ದನಿ ತಗ್ಗಿಸಿ ಹೇಳಿದಳು.

"ಮೊದಮೊದಲು ಹೇಳಿದ್ದು ಒಂದೂ ಕೇಳ್ತಿರ್ಲಿಲ್ಲ ಮಿಸ್. ತುಂಬಾ ಹಟ. ನೆನ್ನೆ ಸಂಜೆಯಿಂದ ಪರವಾಗಿಲ್ಲ, ಸ್ವಲ್ಪ ಸ್ವಲ್ಪ ಅರ್ಥ ಮಾಡ್ಕೊಳ್ತಿದಾರೆ. ಬೈಬೇಡಿ ಮಿಸ್, ಬೈದ್ರೆ ಮತ್ತೆ ಟೀಸಿ ಕೇಳ್ತಾರೆ."