ಮರಳಿಗೆ ಒಂದೇ ಲೆನ್ಸು

ಮರುಭೂಮಿಗೆ ಒಂದೇ ಲೆನ್ಸು ಒಯ್ಯಬೇಕು; ಎರಡು ಒಯ್ದವನು ಕೆಟ್ಟ. ಲೆನ್ಸು ಬದಲಿಸಲು ಕ್ಯಾಮರಾದ ಬಾಯಿ ತೆರೆದರೆ ಸಾಕು, ಮರಳು ಕರೆಯದೆ ಬಂದ ನೆಂಟನ ಹಾಗೆ ಒಳನುಗ್ಗಿ ಕೂತುಬಿಡುತ್ತದೆ, ಮತ್ತೆ ಏಳುವುದಿಲ್ಲ. ಇಷ್ಟು ಸಣ್ಣ ಸಂಗತಿ. ಆ ಒಂದು ಯಾವುದು ಎಂದು ಮನುಷ್ಯ ತಾನೇ ಯೋಚಿಸಿ ತಾನೇ ತೀರ್ಮಾನಿಸಲು ಈ ಲೋಕ ಬಿಡುವುದಿಲ್ಲ ಎಂಬುದೇ ಪಾಸ್‌ಪೋರ್ಟಿನ ಸಿಟ್ಟು.

ಪಾಸ್‌ಪೋರ್ಟು ಎಂದರೆ ಮನುಷ್ಯನೇ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಸ್ಟುಡಿಯೋ ಕೆಲಸಕ್ಕೆ ಸೇರಿದ ಮೇಲೆ ಬೀದಿಯವರು ಅದನ್ನು ಮರೆತರು. ಹಗಲೆಲ್ಲ ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಜನರನ್ನು ಕೂರಿಸಿ, "ಗದ್ದ ಸ್ವಲ್ಪ ಮೇಲೆ, ನಗಬೇಡಿ" ಎನ್ನುವುದೇ ಅವನ ಉದ್ಯೋಗ. ನಗಬೇಡಿ ಎಂದು ಹೇಳಿ ಹೇಳಿ ಅವನ ಮುಖದ ನಗುವೇ ಬತ್ತಿಹೋಗಿತ್ತು. ಓಡುವ ವಸ್ತುವಿನ ಫೋಟೋ ಒಂದಾದರೂ ತೆಗೆಯಬೇಕು, ಈ ಅಡ್ಡಹೆಸರು ಕಳಚಿ ಬೀಳಬೇಕು. ಬೇರೆ ಆಸೆ ಅವನಿಗಿರಲಿಲ್ಲ.

ಆ ಬೆಳಿಗ್ಗೆ ಸ್ಟುಡಿಯೋ ಮಾಲೀಕ ಫೋನು ಇಟ್ಟು ಹೇಳಿದ, "ಮರುಭೂಮಿ ಜೀಪ್ ರೇಸಿನವರು. ಫೋಟೋದವನು ಬೇಕಂತೆ. ಮಧ್ಯಾಹ್ನ ಗಾಡಿ ಕಳಿಸ್ತಾರೆ. ಹೋಗ್ತೀಯಾ?"

ಹೋಗ್ತೀಯಾ ಅಂತೆ! ಮೀನನ್ನು ಈಜ್ತೀಯಾ ಎಂದು ಕೇಳಿದ ಹಾಗೆ.

ಪಾಸ್‌ಪೋರ್ಟು ಬಾಡಿಗೆಗೆ ಲೆನ್ಸು ಕೊಡುವ ಅಂಗಡಿಗೆ ಓಡಿದ. ಗಾಜಿನ ಕಪಾಟಿನ ಹೊರಗೆ ನಿಂತು ಬಹಳ ಕಾಲದಿಂದ ಕಣ್ಣಿಟ್ಟಿದ್ದ ಜೂಮ್ ಲೆನ್ಸೊಂದು ಅಲ್ಲಿತ್ತು. ಒಂದು ತಿರುವಿಗೆ ಜೀಪು, ಮರಳುದಿಬ್ಬ, ಆಕಾಶ ಎಲ್ಲವನ್ನೂ ಬಾಚಿಕೊಳ್ಳುತ್ತಿತ್ತು. ಇನ್ನೊಂದು ತಿರುವಿಗೆ ದಿಬ್ಬದಾಚೆಯ ಚಾಲಕನ ಹುಬ್ಬು ಎಣಿಸುತ್ತಿತ್ತು. ಸಂದುಸಂದಿಗೂ ಧೂಳು ತಡೆಯುವ ರಬ್ಬರು. ಕುಲುಕುವ ಗಾಡಿಯಲ್ಲೂ ಚಿತ್ರ ನಡುಗದಂಥ ಜಾಣತನ. ಕೈಗೆ ಹಗುರ. ಅದನ್ನೇ ಆರಿಸಿದ. ಕತೆ ಇಲ್ಲಿಗೇ ಮುಗಿಯಬೇಕಿತ್ತು.

ಸ್ಟುಡಿಯೋದಲ್ಲಿ ಮಾಲೀಕ ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ನೋಡುವಂತೆ ನೋಡಿದ. "ಇಷ್ಟೇನಾ? ಲೆನ್ಸ್ ನೋಡಿದ್ರೆ ಜನ ದಾರಿ ಬಿಡಬೇಕು ಕಣೋ. ಕ್ರಿಕೆಟ್ ಮೈದಾನದಲ್ಲಿ ಇಟ್ಕೊಂಡಿರ್ತಾರಲ್ಲ, ಫಿರಂಗಿ, ಅದು ತಾ."

"ಅಣ್ಣಾ, ಅದರಲ್ಲಿ ಒಂದು ಮುಖ ತೆಗೀಬೇಕಾದ್ರೂ ರಸ್ತೆ ದಾಟಿ ನಿಂತ್ಕೋಬೇಕು."

"ನಿಂತ್ಕೋ. ಕಾಲಿಲ್ವಾ?"

ಸಂಬಳ ಕೊಡುವವನ ಮಾತು. ಹಲ್ಲು ಕಡಿಯುತ್ತ ವಾಪಸು ಹೋಗಿ, ಕೂಸನ್ನು ಎತ್ತಿದಂತೆ ಆ ಫಿರಂಗಿಯನ್ನು ಎತ್ತಿ ತಂದು, ಪರೀಕ್ಷೆಗೆ ತಾರಸಿ ಹತ್ತಿದ. ಎದುರು ತಾರಸಿಯಲ್ಲಿ ಟೀಚರಮ್ಮ ಬಟ್ಟೆ ಒಣಹಾಕುತ್ತಿದ್ದಳು. ತೋಳುದ್ದದ ಕೊಳವೆ ತನ್ನ ಕಡೆ ತಿರುಗಿದ್ದನ್ನು ಕಂಡದ್ದೇ ತಡ, ಬೀದಿಯೆಲ್ಲ ಒಂದಾಗುವ ಹಾಗೆ ಕೂಗಿ, ಕೆಳಗಿನ ದರ್ಜಿಯನ್ನು ಸಾಕ್ಷಿಗೆಂದು ಎಳೆದುಕೊಂಡು ಸ್ಟುಡಿಯೋಗೇ ಬಂದಳು. ಮಾನ ಉಳಿಸಿಕೊಳ್ಳಲು ಪಾಸ್‌ಪೋರ್ಟು ತೆಗೆದ ಚಿತ್ರ ತೋರಿಸಿದ. ಚಿತ್ರದ ತುಂಬ ಒಂದೇ ಒಂದು ಬಟ್ಟೆ ಕ್ಲಿಪ್ಪು, ಆನೆಯಷ್ಟು ದೊಡ್ಡದು.

ಟೀಚರಮ್ಮ ಬಹಳ ಹೊತ್ತು ನೋಡಿದಳು. ಈಗ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. "ಎದುರಿಗೆ ನಾನು ನಿಂತಿದ್ರೆ ಕ್ಲಿಪ್ಪಿನ ಫೋಟೋ ತೆಗೀತಾನೆ ನೋಡಿ" ಎಂದಳು ದರ್ಜಿಗೆ. ಕೊನೆಗೆ ಸ್ಟೂಲಿನ ಮೇಲೆ ಕೂತು, ಪಾಸ್‌ಪೋರ್ಟ್ ಫೋಟೋ ಬಿಟ್ಟಿ ತೆಗೆಸಿಕೊಂಡೇ ಎದ್ದಳು. ಗದ್ದ ಸ್ವಲ್ಪ ಮೇಲೆ. ನಗಬೇಡಿ.

ಗಲಾಟೆ ಕೇಳಿ ಅಕ್ಕನ ಗಂಡ ಬಂದ. ಈ ಭಾವ ಒಮ್ಮೆ ಯಾರದೋ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಅಂದಿನಿಂದ ಜೀಪಿನ ವಿಷಯ ಯಾರೇ ಎತ್ತಿದರೂ ಕೊನೆಯ ಮಾತು ಅವನದೇ. ಜೀಪಿನೊಳಗೆ ಎಲ್ಲವೂ ಮೂಗಿನ ತುದಿಯಲ್ಲೇ ಇರುತ್ತದಂತೆ, ದೂರದ್ದು ಕಟ್ಟಿಕೊಂಡು ಏನಾಗಬೇಕು, ಎಲ್ಲವನ್ನೂ ಒಟ್ಟಿಗೆ ನುಂಗುವ ಅಗಲದ ಲೆನ್ಸೇ ಬೇಕಂತೆ. ಕೇಳದಿದ್ದರೆ ಅಕ್ಕನ ಮನೆಯಲ್ಲಿ ಊಟದ ಹೊತ್ತಿಗೆ ಮುಖಗಳು ಊದಿಕೊಳ್ಳುತ್ತವೆ. ಪಾಸ್‌ಪೋರ್ಟು ಮತ್ತೆ ಓಡಿ, ಅಗಲದ್ದನ್ನು ತಂದು, ಎದುರಿಗಿದ್ದ ಭಾವನ ಮೇಲೆಯೇ ಪರೀಕ್ಷೆ ಮಾಡಿದ. ಅಗಲದ ಲೆನ್ಸಿಗೆ ಹತ್ತಿರದ್ದನ್ನು ಊದಿಸುವ ಚಟ. ಚಿತ್ರದಲ್ಲಿ ಭಾವನ ಮೂಗು ಮೊದಲು ಬಂತು, ಭಾವ ಹಿಂದಿನಿಂದ ಬಂದ.

"ಬೇಕಂತಲೇ ಹೀಗೆ ತೆಗ್ದಿದ್ದೀಯ. ನಿಮ್ಮನೆ ಅಳಿಯ ಅನ್ನೋ ಮರ್ಯಾದೆನೂ ಇಲ್ಲ" ಎಂದು ಭಾವ ಚಪ್ಪಲಿ ಮೆಟ್ಟಿಕೊಂಡು ನಡೆದ.

ಆಗ ಪಾಸ್‌ಪೋರ್ಟಿನ ತಲೆ ಕಾದ ಹೆಂಚಾಯಿತು. ಕಣ್ಣು ಅವನದು, ಕೆಲಸ ಅವನದು, ಮರಳು ತಿನ್ನಬೇಕಾದವನೂ ಅವನೇ. ಬುದ್ಧಿ ಮಾತ್ರ ಊರಿನದು! ನಾಲ್ಕನೆಯ ಸಲ ಬಂದವನನ್ನು ಕಂಡು ಲೆನ್ಸಿನಂಗಡಿಯಾಕೆ, "ತಮ್ಮಾ, ಇದೇನು ಬಟ್ಟೆ ಅಂಗಡಿನಾ, ಹಾಕ್ಕೊಂಡು ಹಾಕ್ಕೊಂಡು ನೋಡೋಕೆ?" ಎಂದಳು. ಅವನು ಬೆಳಿಗ್ಗೆ ಆರಿಸಿದ್ದ ಆ ಜೂಮ್ ಲೆನ್ಸನ್ನೇ ಕ್ಯಾಮರಾಕ್ಕೆ ತಿರುಗಿಸಿ ಕೂರಿಸಿ, ಎರಡೂ ಸೇರುವ ಸಂದಿಗೆ ಕಪ್ಪು ಅಂಟುಪಟ್ಟಿಯನ್ನು ಸುತ್ತಿ ಸುತ್ತಿ ಬಿಗಿದ. ಇನ್ನು ಬ್ರಹ್ಮ ಬಂದು ಸಲಹೆ ಕೊಟ್ಟರೂ ಬಿಚ್ಚುವಂತಿಲ್ಲ. ಗಾಡಿ ಬಂದಾಗ ಮಾಲೀಕನ ಕಡೆ ತಿರುಗಿಯೂ ನೋಡದೆ ಹತ್ತಿದ.

ಮರುಭೂಮಿ ಅವನು ಎಣಿಸಿದಂತೆಯೇ ಇತ್ತು. ದಿಬ್ಬದ ಮೇಲೆ ಇಳಿಬಿಸಿಲು, ದಿಬ್ಬದ ಕೆಳಗೆ ಗುಡುಗುಡು ಎನ್ನುವ ಜೀಪುಗಳ ಸಾಲು. ಅವನು ಕ್ಯಾಮರಾ ಎತ್ತಿದ.

"ಆ ಕಡೆ ಅಲ್ಲ, ಈ ಕಡೆ" ಎಂದು ರೇಸಿನ ಮೇಡಮ್ಮು ಅವನನ್ನು ಒಂದು ಡೇರೆಯೊಳಗೆ ಕರೆದೊಯ್ದಳು. ಒಳಗೆ ಬಿಳಿ ಪರದೆ. ಪರದೆಯ ಮುಂದೆ ಸ್ಟೂಲು. "ಚಾಲಕರಿಗೆಲ್ಲ ಕೊರಳಿಗೆ ಪಾಸ್ ಹಾಕ್ಬೇಕು. ಪಾಸಿಗೆ ಮುಖ ಬೇಕಲ್ಲ. ನಿಮ್ಮ ಪಾಸ್‌ಪೋರ್ಟ್ ಫೋಟೋ ಬೋರ್ಡ್ ನೋಡಿ ಫೋನ್ ಮಾಡಿದ್ವಿ."

"ರೇಸ್ ಫೋಟೋ?"

"ಅದಕ್ಕೆ ಬೇರೆಯವರಿದ್ದಾರೆ."

ಪಾಸ್‌ಪೋರ್ಟು ಹೊರಗೆ ಬಂದು ಮಾಲೀಕನಿಗೆ ಫೋನು ಹಚ್ಚಿದ. "ಪಾಸ್‌ಪೋರ್ಟ್ ಫೋಟೋ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೋಗ್ತಿದ್ಯಾ?"

"ಮತ್ತೆ ಫಿರಂಗಿ ಯಾಕೆ ಹೊರಿಸೋಕೆ ಬಂದಿದ್ದು?"

"ಸ್ಟುಡಿಯೋ ಮರ್ಯಾದೆಗೆ."

ಡೇರೆಯಲ್ಲಿ ಚಾಲಕರ ಸಾಲು ಬೆಳೆದಿತ್ತು. ಮರಳನ್ನು ಗೆಲ್ಲಲೆಂದು ಆರಿಸಿದ ಲೆನ್ಸಿನಲ್ಲಿ ಅವನು ಒಂದಾದ ಮೇಲೊಂದು ಗದ್ದ ಎತ್ತಿಸಿದ. ಸಾಲು ಕರಗುವ ಹೊತ್ತಿಗೆ ಗಡ್ಡದವನೊಬ್ಬ ಓಡಿ ಬಂದ. ರೇಸಿನ ಫೋಟೋದವನು ಅವನೇ. ಗಾಳಿಯಲ್ಲಿ ನಿಂತು ಲೆನ್ಸು ಬದಲಿಸಲು ಹೋಗಿ ಕೈಲಿದ್ದದ್ದನ್ನು ಮರಳಿಗೆ ಬೀಳಿಸಿದ್ದ. ಅವನ ಬಳಿ ಉಳಿದಿದ್ದ ಇನ್ನೊಂದು ಫಿರಂಗಿಯ ತಿರುಗಣೆಗೂ ಮರಳು ಹೊಕ್ಕು, ಅದು ಅತಿ ದೂರದ ನೋಟಕ್ಕೇ ಸಿಕ್ಕಿಬಿದ್ದಿತ್ತು. ಪಾಸ್‌ಪೋರ್ಟಿನ ಕೈಲಿದ್ದದ್ದನ್ನು ನೋಡಿ ಗಡ್ಡದವನ ಕಣ್ಣು ಅರಳಿತು.

"ಇಲ್ಲಿಗೆ ಬೇಕಾದ್ದು ಇದೇ. ಆರಿಸಿದ್ದು ಯಾರು?"

"ನಾನೇ" ಎಂದ ಪಾಸ್‌ಪೋರ್ಟು. ಇಡೀ ದಿನದಲ್ಲಿ ಮೊದಲ ಸಲ ಅವನ ಬೆನ್ನು ನೆಟ್ಟಗಾಯಿತು.

"ಹಾಗಾದ್ರೆ ಕೊಟ್ಬಿಡಿ" ಎಂದಳು ಮೇಡಮ್ಮು. ಕೊಡುವುದಿಲ್ಲ, ಬೇಕಾದರೆ ತಾನೇ ಜೀಪು ಹತ್ತಿ ತೆಗೆಯುತ್ತೇನೆ ಎಂದು ಅವನು ಹಟ ಹಿಡಿದ. ಮೇಡಮ್ಮು ತಣ್ಣಗೆ, ಜೀಪಿನಲ್ಲಿ ಜಾಗವಿಲ್ಲವೆಂದೂ, ಮನೆಗೆ ಬಿಡಬೇಕಾದ ಗಾಡಿಯೂ ತಮ್ಮದೇ ಎಂದೂ ನೆನಪಿಸಿದಳು. ಸುತ್ತಲೂ ಕಣ್ಣು ಹಾಯುವವರೆಗೆ ಮರಳು. ಗಡ್ಡದವನು ಅಂಟುಪಟ್ಟಿಯನ್ನು ಪರ್‍ರೆಂದು ಕಿತ್ತು, ಲೆನ್ಸು ಬಿಚ್ಚಿಕೊಂಡು, ತನ್ನ ಕೆಟ್ಟ ಫಿರಂಗಿಯನ್ನು ಇವನ ಮಡಿಲಿಗೆ ಹಾಕಿ, ಜೀಪಿಗೆ ನೆಗೆದ. ಪಾಸ್‌ಪೋರ್ಟು ಆರಿಸಿದ ಲೆನ್ಸು ಧೂಳೆಬ್ಬಿಸುತ್ತ ದಿಬ್ಬ ಹತ್ತಿ ಮರೆಯಾಯಿತು.

ಅಷ್ಟರಲ್ಲಿ ತಡವಾಗಿ ಬಂದ ಚಾಲಕನೊಬ್ಬ ಡೇರೆ ಹೊಕ್ಕು ಸ್ಟೂಲಿನ ಮೇಲೆ ಕೂತ. "ಬೇಗ ತೆಗೀರಿ, ಪಾಸಿಲ್ದೆ ಬಿಡ್ತಿಲ್ಲ."

ಪಾಸ್‌ಪೋರ್ಟು ಫಿರಂಗಿಯನ್ನು ಕ್ಯಾಮರಾಕ್ಕೆ ಸಿಕ್ಕಿಸಿ ಕಣ್ಣಿಟ್ಟ. ಕಂಡದ್ದು ಒಂದು ಮೂಗಿನ ಹೊಳ್ಳೆ. ಹಿಂದೆ ಸರಿದ. ಹೊಳ್ಳೆಗಳು ಎರಡಾದವು. ಡೇರೆಯ ಬಾಗಿಲು ದಾಟಿ, ಹಗ್ಗ ದಾಟಿ, ಕಾದ ಮರಳಿನಲ್ಲಿ ಪಾದ ಹೂತುಕೊಳ್ಳುತ್ತ ಹಿಮ್ಮುಖವಾಗಿ ನಡೆದ. ಮರುಭೂಮಿಯೊಳಗೆ ಅವನು ಹೋದದ್ದು ಅಷ್ಟೇ ದೂರ. ಮುಖ ಪೂರ್ತಿ ಚೌಕಟ್ಟಿಗೆ ಬಂದಾಗ ನಿಂತು, ಗಂಟಲು ಹರಿಯುವಂತೆ ಕೂಗಿದ:

"ಗದ್ದ ಸ್ವಲ್ಪ ಮೇಲೆ! ನಗಬೇಡಿ!"

ಚಾಲಕ ಮಾತ್ರ ಬಿದ್ದು ಬಿದ್ದು ನಗುತ್ತಿದ್ದ.